ಸಂತೋಷದ ಪುಸ್ತಕ ಬರೆಯಲು ಹೊರಟವಳಿಗೆ

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಓದಿದೆ. ಕಥೆಗಳು ಆಮೇಲಿರಲಿ, ಮೊದಲು ಸಂತೋಷವಾಗಿರುವುದು ಹೇಗೆ ಅಂತ ಒಂದು ಪುಸ್ತಕ ಬರೆದುಕೊಡಿ, ಬೇಗ ಖರ್ಚಾಗುತ್ತದೆ ಎಂದು ಪ್ರಕಾಶಕರು ಕೇಳಿದ್ದಾರೆ. ಒಪ್ಪಿದರೆ ನಾಲ್ಕು ಜನ ಸಾಹಿತಿಗಳು ನಗುತ್ತಾರೆ ಅಂತ ನಿನಗೆ ಅಳುಕು. ನಗಲಿ ಬಿಡು. ಕೆಟ್ಟ ಕಾದಂಬರಿಗಳೇನು ಕಡಿಮೆ ಇವೆಯಾ?

ನನ್ನ ಚಿಂತೆ ಬೇರೆ. ಇಂಥ ಪುಸ್ತಕ ಕೊಳ್ಳುವವರನ್ನು ಸ್ವಲ್ಪ ಯೋಚಿಸು. ಕೆಲಸ ಕಳೆದುಕೊಂಡವರು, ಸಂಬಂಧ ಮುರಿದುಕೊಂಡವರು, ರಾತ್ರಿ ನಿದ್ದೆ ಬಾರದವರು. ಅವರು ದಡ್ಡರಲ್ಲ. ಕೇಳೋಣ ಅಂದರೆ ಹತ್ತಿರ ಯಾರೂ ಇಲ್ಲ, ಅದಕ್ಕೆ ಪುಸ್ತಕವನ್ನು ಕೇಳುತ್ತಾರೆ. ನೀನು ಬರೆದ ಒಂದು ಸಾಲನ್ನು ಅವರು ನಿಜವಾಗಿಯೂ ಮಾಡಿ ನೋಡುತ್ತಾರೆ. ಕಥೆ ಓದುವವರು ಹಾಗೆ ಮಾಡುವುದಿಲ್ಲ. ಹಾಗಾಗಿ ಇಲ್ಲಿ ಜವಾಬ್ದಾರಿ ಜಾಸ್ತಿ.

ಈ ಬಗೆಯ ಪುಸ್ತಕಗಳಿಗೆ ಹೆಸರು ತಂದುಕೊಟ್ಟವನು ಸ್ಯಾಮ್ಯುಯೆಲ್ ಸ್ಮೈಲ್ಸ್. ಸ್ಕಾಟ್ಲೆಂಡಿನವನು. ವೈದ್ಯನಾಗಿದ್ದು ಆಮೇಲೆ ಪತ್ರಿಕೆಯ ಸಂಪಾದಕನಾದ. ಅವನ 'ಸೆಲ್ಫ್ ಹೆಲ್ಪ್' ಬಂದದ್ದು 1859ರಲ್ಲಿ. ಡಾರ್ವಿನ್ನನ ಪ್ರಸಿದ್ಧ ಪುಸ್ತಕ ಬಂದ ವರ್ಷವೇ. ಸ್ಮೈಲ್ಸ್‌ನ ಪುಸ್ತಕದ ಮುನ್ನುಡಿಯಲ್ಲಿ ಒಂದು ಸಂಗತಿ ಇದೆ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಕೆಲವು ಬಡ ಯುವಕರು ಚಳಿಗಾಲದ ಸಂಜೆಗಳಲ್ಲಿ ಸೇರಿ ಪಾಠ ಶುರು ಮಾಡಿದರು. ಮೇಷ್ಟ್ರು ಅಂತ ಯಾರೂ ಇರಲಿಲ್ಲ. ಸ್ವಲ್ಪ ಗೊತ್ತಿದ್ದವರು ಅದಕ್ಕಿಂತ ಕಡಿಮೆ ಗೊತ್ತಿದ್ದವರಿಗೆ ಓದು, ಬರಹ, ಲೆಕ್ಕ ಹೇಳಿಕೊಡುತ್ತಿದ್ದರು. ಜನ ಹೆಚ್ಚಾಗಿ ಸುಮಾರು ನೂರಕ್ಕೆ ಬಂತು. ಜಾಗ ಸಾಲಲಿಲ್ಲ. ಕಾಲರಾ ರೋಗಿಗಳಿಗೆ ತಾತ್ಕಾಲಿಕ ಆಸ್ಪತ್ರೆಯಾಗಿದ್ದ ಒಂದು ಕೊಳಕು ಕೋಣೆ ಖಾಲಿ ಬಿದ್ದಿತ್ತು. ಹೆದರಿಕೆಯಿಂದ ಯಾರೂ ಅದನ್ನು ಬಾಡಿಗೆಗೆ ಹಿಡಿಯುತ್ತಿರಲಿಲ್ಲ. ಇವರು ಹಿಡಿದರು. ನಮಗೆ ನಾಲ್ಕು ಮಾತು ಹೇಳಿ ಅಂತ ಸ್ಮೈಲ್ಸ್‌ನನ್ನು ಕರೆದರು. ಆ ಮಾತುಗಳೇ ಮುಂದೆ ಪುಸ್ತಕವಾಯಿತು.

ಈಗ ನೋಡು. ಎಲ್ಲಾ ಶುರುವಾಗಿದ್ದು ಒಬ್ಬರಿಗೊಬ್ಬರು ಆಗಿದ್ದರಿಂದ. ಪುಸ್ತಕದ ಒಳಗೆ ಹೋದರೆ ಸಿಗುವುದು ಮಾತ್ರ ಹೆಚ್ಚಾಗಿ ಒಬ್ಬೊಬ್ಬನೇ ಕಷ್ಟಪಟ್ಟು ಮೇಲೆ ಬಂದ ಕಥೆಗಳು. ಕಾಲರಾ ಕೋಣೆ ಮುನ್ನುಡಿಯಲ್ಲೇ ಉಳಿಯಿತು. ಆಮೇಲೆ ಬಂದವರಂತೂ ಮುನ್ನುಡಿಯನ್ನೂ ಕೈಬಿಟ್ಟರು. ಇಂದಿನ ವ್ಯಕ್ತಿತ್ವ ವಿಕಸನದ ಪುಸ್ತಕ ತೆರೆದರೆ ಓದುಗ ಒಬ್ಬನೇ ಕನ್ನಡಿಯ ಮುಂದೆ ನಿಂತಿರುತ್ತಾನೆ. ನೆರೆಯವರಿಲ್ಲ, ಗೆಳೆಯರಿಲ್ಲ, ಸಂಘ ಇಲ್ಲ. ಬೇರೆಯವರು ಬಂದರೂ ದೂರ ಇಡಬೇಕಾದ 'ನೆಗೆಟಿವ್' ಮನುಷ್ಯರಾಗಿ ಬರುತ್ತಾರೆ. ನನಗೆ ಈ ಉದ್ಯಮದ ಮೇಲೆ ಇರುವ ದೊಡ್ಡ ತಕರಾರು ಇದೇ. ನೀನು ಬರೆಯುವುದಾದರೆ ಆ ಬಿಟ್ಟುಹೋದ ಜನರನ್ನು ವಾಪಸ್ ತಾ.

ಜನರನ್ನು ಬಿಟ್ಟ ಹಾಗೆಯೇ ಷರತ್ತುಗಳನ್ನೂ ಬಿಡುತ್ತಾರೆ. '21 ದಿನ ಮಾಡಿದರೆ ಅಭ್ಯಾಸವಾಗುತ್ತದೆ' ಅಂತ ನೀನೂ ಕೇಳಿರುತ್ತೀಯ. ಅದು ಎಲ್ಲಿಂದ ಬಂತು ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರ ತನ್ನ ಪುಸ್ತಕದಲ್ಲಿ, ಆಪರೇಷನ್ ಆದವರಿಗೆ ಹೊಸ ಮುಖ ಒಗ್ಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದು ಬರೆದ. ಮುಂದೆ ಈ ಮಾತು ಬಾಯಿಂದ ಬಾಯಿಗೆ ಹೋಗುವಾಗ ರೋಗಿಗಳು ಹೋದರು, 'ಕಡಿಮೆ ಅಂದರೂ' ಹೋಯಿತು, 'ಸುಮಾರು' ಹೋಯಿತು. ಅಂಕಿ ಒಂದೇ ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು ಇದನ್ನು ನಿಜವಾಗಿ ಅಳೆದರು. 2010ರಲ್ಲಿ ಅಚ್ಚಾದ ಅವರ ಲೆಕ್ಕದ ಪ್ರಕಾರ ಒಂದು ಕೆಲಸ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಹಿಡಿದದ್ದು ನಡುಮಟ್ಟದಲ್ಲಿ 66 ದಿನ. ಕೆಲವರಿಗೆ 18, ಕೆಲವರಿಗೆ 254! ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೂ ಇರಲಿಲ್ಲ.

'18ರಿಂದ 254' ಅಂತ ಮುಖಪುಟದ ಮೇಲೆ ಹಾಕಲು ಯಾವ ಪ್ರಕಾಶಕನೂ ಒಪ್ಪುವುದಿಲ್ಲ, ಅಲ್ವಾ? ಆದರೆ 254 ದಿನ ಬೇಕಾಗಿದ್ದವನನ್ನು ನೆನೆಸಿಕೋ. 22ನೇ ದಿನ ಸೋತು ಕೂತಾಗ ಅವನು ಪುಸ್ತಕವನ್ನು ಬೈಯುವುದಿಲ್ಲ. 'ನನ್ನಲ್ಲೇ ಏನೋ ಕೊರತೆ' ಅಂದುಕೊಳ್ಳುತ್ತಾನೆ. ಇನ್ನೊಂದು ಪುಸ್ತಕ ಕೊಳ್ಳುತ್ತಾನೆ. ಔಷಧ ನಾಟದಿದ್ದರೆ ವೈದ್ಯರು ಔಷಧ ಬದಲಿಸುತ್ತಾರೆ. ಈ ವ್ಯಾಪಾರದಲ್ಲಿ ರೋಗಿಗೇ ಬೈಗುಳ. 'ನೀವು ಪೂರ್ತಿ ನಂಬಲಿಲ್ಲ' ಅಂದುಬಿಟ್ಟರೆ ಆಯಿತು, ಯಾವ ಸಲಹೆಯೂ ಎಂದೂ ಸುಳ್ಳಾಗುವುದಿಲ್ಲ. ಅಂಥ ಒಂದು ಸಾಲು ನಿನ್ನ ಪುಸ್ತಕದಲ್ಲಿ ಕಂಡರೂ ನನಗೆ ಸಿಟ್ಟು ಬರುತ್ತದೆ.

ಕನ್ನಡಿ ನೋಡಿಕೊಂಡು 'ನಾನು ಒಳ್ಳೆಯವನು' ಅಂತ ಹೇಳಿಕೊಳ್ಳುವ ವಿಷಯವೂ ಅಷ್ಟೆ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರ 2009ರ ಪ್ರಯೋಗದಲ್ಲಿ, ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಇಂಥ ಮಾತಿನಿಂದ ಚೂರು ಹಿತವಾಯಿತು. ತಮ್ಮನ್ನು ತಾವೇ ಕೀಳಾಗಿ ಕಾಣುತ್ತಿದ್ದವರಿಗೆ ಇನ್ನಷ್ಟು ಬೇಜಾರಾಯಿತು. ಯಾರಿಗೆ ಬೇಕಾಗಿತ್ತೋ ಅವರಿಗೇ ಪೆಟ್ಟು.

ಇನ್ನು ಸಂತೋಷದ ಮಾತು. ಐರಿಸ್ ಮಾಸ್ ಎಂಬಾಕೆ ಮತ್ತು ಜೊತೆಗಾರರು 2011ರಲ್ಲಿ ಒಂದು ಚಂದದ ಪ್ರಯೋಗ ಪ್ರಕಟಿಸಿದರು. ಸಂತೋಷ ಬಹಳ ಮುಖ್ಯ ಎಂದು ಕೆಲವರಿಗೆ ಮೊದಲು ಓದಿಸಿದರು. ಆಮೇಲೆ ಖುಷಿಯ ಸಿನಿಮಾ ತುಣುಕು ತೋರಿಸಿದರು. ಹಾಗೆ ಓದಿದವರಿಗೆ, ಓದದವರಿಗಿಂತ ಕಡಿಮೆ ಖುಷಿಯಾಯಿತು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಸಿನಿಮಾ ನೋಡುವುದು ಬಿಟ್ಟು 'ಎಷ್ಟು ಖುಷಿಯಾಯಿತು' ಅಂತ ಅಳೆಯುತ್ತಾ ಕೂತರೆ ಇನ್ನೇನಾಗುತ್ತದೆ?

2012ರಿಂದ ಬರುತ್ತಿರುವ ವಿಶ್ವ ಸಂತೋಷ ವರದಿಯನ್ನೂ ನೋಡಿರುತ್ತೀಯ. 2018ರಿಂದ ವರ್ಷ ವರ್ಷವೂ ಫಿನ್ಲೆಂಡೇ ಮೊದಲು ಅಂತ ಸುದ್ದಿಯಾಗುತ್ತದೆ. ಆ ಪಟ್ಟಿಗೆ ಆಧಾರವಾದ ಪ್ರಶ್ನೆ ಮಾತ್ರ ನಗು, ಉಲ್ಲಾಸದ ಬಗ್ಗೆ ಅಲ್ಲ. 0ಯಿಂದ 10ರವರೆಗೆ ಮೆಟ್ಟಿಲಿರುವ ಏಣಿಯಲ್ಲಿ ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ ಅಂತ ಕೇಳುತ್ತಾರೆ. ದೇಶ ದೇಶಗಳ ನಡುವೆ ಯಾಕೆ ವ್ಯತ್ಯಾಸ ಎಂದು ಹುಡುಕುವಾಗ ಆದಾಯ, ಆರೋಗ್ಯ ನೋಡುತ್ತಾರೆ. ಜೊತೆಗೆ ಇನ್ನೊಂದು ಪ್ರಶ್ನೆ ಇದೆ: ಕಷ್ಟ ಬಂದರೆ ನಿಮ್ಮ ಕೈಹಿಡಿಯುವ ನೆಂಟರೋ ಸ್ನೇಹಿತರೋ ಇದ್ದಾರಾ? ಲೀಡ್ಸಿನ ಹುಡುಗರಿಗೆ ಇದನ್ನು ಕೇಳಿದ್ದರೆ ಇದ್ದಾರೆ ಅನ್ನುತ್ತಿದ್ದರು. ಅವರ ಸಂಬಳ ಎಷ್ಟೇ ಇರಲಿ.

ಬರೆಯಲು ಕೂತಾಗ ಕೆಲವು ಮಾತು ನೆನಪಿರಲಿ. ಗೆದ್ದವರ ಕಥೆ ಹೇಳುವಾಗ ಅವರ ಮನೆಕೆಲಸ ಯಾರು ಮಾಡುತ್ತಿದ್ದರು, ಸಾಲ ಯಾರು ಕೊಟ್ಟರು ಅಂತ ವಿಚಾರಿಸು. ಅದೇ ಕೆಲಸ ಅಷ್ಟೇ ಶ್ರದ್ಧೆಯಿಂದ ಮಾಡಿ ಸೋತವರನ್ನೂ ಹುಡುಕು. ಅವರು ಭಾಷಣಕ್ಕೆ ಬರುವುದಿಲ್ಲ, ನೀನೇ ಹೋಗಬೇಕು. 'ಬೆಳಿಗ್ಗೆ ಐದಕ್ಕೆ ಏಳಿ' ಎಂದು ಬರೆಯುವ ಮೊದಲು ನೈಟ್ ಶಿಫ್ಟ್ ಮುಗಿಸಿ ಬರುವ ನರ್ಸ್ ಇದನ್ನು ಓದಿದರೆ ಏನನ್ನುತ್ತಾಳೆ ಅಂತ ಯೋಚಿಸು. ಸಂಬಳ ಸಾಲದಿರುವುದು ಮನೋಭಾವದ ಸಮಸ್ಯೆಯಲ್ಲ. ಅದನ್ನು ಮನೋಭಾವಕ್ಕೆ ತಿರುಗಿಸುವುದು ಕೆಲಸ ಕೊಡುವವರಿಗೆ ಅನುಕೂಲ, ಯಾಕೆಂದರೆ ಸಂಬಳ ಏರಿಸುವುದಕ್ಕಿಂತ ಒಂದು ದಿನದ ಧ್ಯಾನ ಶಿಬಿರ ಅಗ್ಗ. ಧ್ಯಾನದಿಂದ ಕೆಲವರಿಗೆ ನೆಮ್ಮದಿ ಸಿಗುತ್ತದೆ, ಅದನ್ನು ಧಾರಾಳವಾಗಿ ಬರೆ. ಬಾಡಿಗೆ ಕಟ್ಟಲು ಅದು ಆಗುವುದಿಲ್ಲ, ಅದನ್ನೂ ಬರೆ.

ಖಿನ್ನತೆಯ ಬಗ್ಗೆ ಮಾತ್ರ ಜಾಣತನ ಬೇಡ. ಸಾಯಬೇಕು ಅನ್ನಿಸುತ್ತಿದ್ದರೆ, ವಾರಗಟ್ಟಲೆ ಏಳಲು ಆಗದಿದ್ದರೆ ಪುಸ್ತಕ ಮುಚ್ಚಿ ವೈದ್ಯರ ಹತ್ತಿರ ಹೋಗಿ ಅಂತ ಮೊದಲ ಅಧ್ಯಾಯದಲ್ಲೇ ದಪ್ಪಕ್ಷರದಲ್ಲಿ ಹಾಕು.

ಕೊನೆಗೆ ಶೀರ್ಷಿಕೆ. ಸ್ಮೈಲ್ಸ್ ಇದರಿಂದ ಬಹಳ ನೊಂದ. ಕೆಲವರು ಬರೀ ಹೆಸರು ನೋಡಿ ಇದು ಸ್ವಾರ್ಥವನ್ನು ಹೊಗಳುವ ಪುಸ್ತಕ ಅಂದುಕೊಂಡರು. 1866ರ ಆವೃತ್ತಿಗೆ ಹೊಸ ಮುನ್ನುಡಿ ಬರೆದು, ತನಗೆ ತಾನು ಆಗುವುದರಲ್ಲಿ ನೆರೆಯವರಿಗೆ ಆಗುವುದೂ ಸೇರಿದೆ ಅಂತ ಅವನು ವಿವರಣೆ ಕೊಡಬೇಕಾಯಿತು. ಆ ಹೊತ್ತಿಗೆ ಹೆಸರು ಊರೆಲ್ಲಾ ಹಬ್ಬಿತ್ತು. ನಿನ್ನ ಪ್ರಕಾಶಕರೂ ಏನಾದರೊಂದು ಅಂಕಿ ಸೇರಿಸಿ, 'ಗ್ಯಾರಂಟಿ' ಅಂತ ಬೆನ್ನುಡಿಯಲ್ಲಿ ಹಾಕಲು ನೋಡುತ್ತಾರೆ. ಶೀರ್ಷಿಕೆಗೂ ಬೆನ್ನುಡಿಗೂ ನಿನ್ನ ಒಪ್ಪಿಗೆ ಬೇಕು ಎಂದು ಒಪ್ಪಂದದಲ್ಲೇ ಬರೆಸಿಕೋ. ಬಾಯಿಮಾತಿಗೆ ತಲೆಯಾಡಿಸಬೇಡ. ರಾಯಲ್ಟಿ ಲೆಕ್ಕ ವರ್ಷಕ್ಕೆ ಎಷ್ಟು ಸಲ ಕೊಡುತ್ತಾರೆ ಎನ್ನುವುದನ್ನೂ ಅದರಲ್ಲೇ ಹಾಕಿಸು. ಸಹಿ ಮಾಡುವ ಮುಂಚೆ ಒಂದು ಪ್ರತಿ ನನಗೆ ಕಳಿಸು, ಓದಿ ಹೇಳುತ್ತೇನೆ.

ನಿನ್ನ
ಅಣ್ಣ