ಕೆರ್ರಿ ಕರಾವಳಿ: ಕಿಲೋಮೀಟರ್ ಲೆಕ್ಕ ನಂಬಿ ಹೊರಡಬೇಡಿ

ಮಾನ್ಯರೇ,

ಐರ್ಲೆಂಡಿನ ಕೆರ್ರಿ ಕೌಂಟಿಯ ಬಗ್ಗೆ ಪ್ರವಾಸ ಪುರವಣಿಗಳಲ್ಲಿ ಬರುವ ಲೇಖನಗಳು ಕಡಲು, ಬಂಡೆ, ಹಸಿರನ್ನು ಮನಸಾರೆ ಬಣ್ಣಿಸುತ್ತವೆ. ರಸ್ತೆಯ ವಿಷಯಕ್ಕೆ ಬಂದಾಗ ಮಾತ್ರ ‘ರಿಂಗ್ ಆಫ್ ಕೆರ್ರಿ’ ಎಂಬ ಕರಾವಳಿ ಸುತ್ತುದಾರಿ 179 ಕಿ.ಮೀ. ಎಂದು ಕೈತೊಳೆದುಕೊಳ್ಳುತ್ತವೆ. ಓದಿದವರು ಅದನ್ನು ಮಧ್ಯಾಹ್ನದೊಳಗೆ ಮುಗಿಸಿ ಸಂಜೆಗೆ ಪಕ್ಕದ ಡಿಂಗಲ್ ಪರ್ಯಾಯದ್ವೀಪ ಎಂದು ಲೆಕ್ಕ ಹಾಕುತ್ತಾರೆ. ಎಲ್ಲೂ ನಿಲ್ಲಿಸದೆ ಓಡಿಸಿದರೂ ಆ ಸುತ್ತಿಗೆ ಮೂರೂವರೆಯಿಂದ ನಾಲ್ಕು ಗಂಟೆ ಬೇಕು, ನೋಡುತ್ತ ಹೋದರೆ ಇಡೀ ದಿನ. ಡಿಂಗಲ್‌ಗೆ ಇನ್ನೊಂದು ದಿನ ಇಟ್ಟುಕೊಳ್ಳಬೇಕು.

ಕಿಲೋಮೀಟರಿಗಿಂತ ಮುಖ್ಯವಾದದ್ದು ಸುತ್ತುವ ದಿಕ್ಕು. ಪ್ರವಾಸಿ ಬಸ್ಸುಗಳು ಬೆಳಿಗ್ಗೆ ಕಿಲ್ಲಾರ್ನಿ ಬಿಟ್ಟು ಕಿಲ್ಲಾರ್ಗ್ಲಿನ್, ಕಾಹರ್‌ಸೈವೀನ್, ವಾಟರ್‌ವಿಲ್, ಸ್ನೀಮ್, ಕೆನ್‌ಮೇರ್ ಎಂದು ಅಪ್ರದಕ್ಷಿಣವಾಗಿ ಸುತ್ತುತ್ತವೆ. ತಡವಾಗಿ ಎದ್ದು ಅದೇ ದಿಕ್ಕಿಗೆ ಹೊರಟವರಿಗೆ ದಿನವಿಡೀ ಬಸ್ಸಿನ ಹಿಂಬದಿಯ ದರ್ಶನ. ಎದುರು ದಿಕ್ಕಿಗೆ ಹೊರಟರೆ ಕಿರಿದಾದ ತಿರುವುಗಳಲ್ಲಿ ಅವೇ ಬಸ್ಸುಗಳು ಮುಖಾಮುಖಿಯಾಗುತ್ತವೆ. ಹಾಗಿದ್ದರೂ ಕಾರು ಓಡಿಸಿ ಪಳಗಿದವರಿಗೆ ಪ್ರದಕ್ಷಿಣವೇ ಮೇಲು. ಆ ದಿಕ್ಕಿಗೆ ಹೋದರೆ ಕಡಲು ನಿಮ್ಮ ಎಡಕ್ಕೇ ಇರುತ್ತದೆ. ಐರ್ಲೆಂಡಿನಲ್ಲೂ ಎಡಬದಿಯ ಸಂಚಾರವಾದ್ದರಿಂದ ನಿಲುಗಡೆಯ ಜಾಗಗಳಿಗೆ ರಸ್ತೆ ದಾಟದೆ ನುಗ್ಗಬಹುದು. ಲೇಡೀಸ್ ವ್ಯೂ, ಮೋಲ್ಸ್ ಗ್ಯಾಪ್ ಎಂಬ ನೋಟದ ತಾಣಗಳೆರಡೂ ಬೆಳಗಿನ ಹೊತ್ತಿಗೆ ಖಾಲಿ ಸಿಗುತ್ತವೆ. ಬಸ್ಸುಗಳು ಎದುರಾಗುವುದು ಹೆಚ್ಚುಕಡಿಮೆ ನಡುಮಧ್ಯಾಹ್ನ, ಸ್ನೀಮ್ ದಾಟಿದ ಮೇಲೆ. ಆ ಹೊತ್ತಿಗೆ ಕಾಹರ್‌ಡಾನಿಯಲ್ ಬಳಿ ಎನ್ 70 ರಸ್ತೆ ಬಿಟ್ಟು ಡೆರಿನೇನ್ ಕಡಲತೀರಕ್ಕೆ ಇಳಿದುಬಿಡಿ. ಹತ್ತೊಂಬತ್ತನೇ ಶತಮಾನದ ಐರಿಷ್ ಜನನಾಯಕ ಡ್ಯಾನಿಯಲ್ ಓ’ಕಾನೆಲ್ ಅವರ ಮನೆಯೂ ಅಲ್ಲಿಯೇ ಇದೆ. ಎರಡು ಗಂಟೆ ಕಳೆದು ಮೇಲೆ ಬಂದರೆ ಬಸ್ಸುಗಳ ಸಾಲು ಬಹುಪಾಲು ಸಾಗಿಹೋಗಿರುತ್ತದೆ. ಧೈರ್ಯ ಸಾಲದವರು ಬೆಳಿಗ್ಗೆ ಎಂಟರೊಳಗೆ ಬಸ್ಸಿನ ದಿಕ್ಕಿಗೇ ಹೊರಡಲಿ. ಇಂಥ ಲೇಖನದ ಜೊತೆ ಅಚ್ಚಾಗುವ ನಕ್ಷೆಯ ಮೇಲೆ ಒಂದು ಬಾಣದ ಗುರುತು ಹಾಕಿದರೂ ಓದುಗರಿಗೆ ದೊಡ್ಡ ಉಪಕಾರ.

ಡಿಂಗಲ್‌ನ ಸ್ಲೇ ಹೆಡ್ ಸುತ್ತಿನಲ್ಲಿ ಮಾತ್ರ ಈ ಆಯ್ಕೆ ಇಲ್ಲ. ಬಸ್ಸು, ಕಾರು ಎಲ್ಲವೂ ಪ್ರದಕ್ಷಿಣವಾಗಿಯೇ ಹೋಗುವುದು ರೂಢಿ. ಎದುರು ದಿಕ್ಕಿನಿಂದ ಬಂದವರು ಬಂಡೆ ಮತ್ತು ಕಲ್ಲುಗೋಡೆಯ ನಡುವೆ ಬಸ್ಸಿಗೆ ಎದುರಾಗಿ ರಿವರ್ಸ್ ತೆಗೆಯಬೇಕಾಗುತ್ತದೆ. ಸುತ್ತು ಐವತ್ತು ಕಿ.ಮೀ.ಗೂ ಕಡಿಮೆ, ಆದರೂ ಅರ್ಧ ದಿನ ಹಿಡಿಯುತ್ತದೆ. ದಾರಿಯಲ್ಲಿ ಒಂದು ಕಡೆ ತೊರೆ ರಸ್ತೆಯ ಮೇಲೆಯೇ ಹರಿಯುತ್ತದೆ. ಜೋರು ಮಳೆಯಾದ ಮೇಲೆ ಅಲ್ಲಿ ಮೊದಲನೇ ಗೇರ್‌ನಲ್ಲಿ ದಾಟಿ. ಜೇನುಗೂಡಿನಾಕಾರದ ಕಲ್ಲಿನ ಗುಡಿಸಲುಗಳು ಖಾಸಗಿ ಜಮೀನಿನಲ್ಲಿವೆ, ಒಳಹೋಗಲು ಕೆಲವು ಯೂರೋ ಕೊಡಬೇಕು, ನಗದು ಇಟ್ಟುಕೊಂಡಿರಿ. ಬ್ಲಾಸ್ಕೆಟ್ ದ್ವೀಪದ ಕೊನೆಯ ನಿವಾಸಿಗಳನ್ನು 1953ರಲ್ಲಿ ಸರ್ಕಾರ ತೆರವುಗೊಳಿಸಿತು. ಆ ದ್ವೀಪಕ್ಕೆ ದೋಣಿ ಹೊರಡುವ ಡನ್‌ಕ್ವಿನ್ ಕಟ್ಟೆಯ ಅಂಕುಡೊಂಕು ಇಳಿಜಾರಿಗೆ ಕಾರು ಇಳಿಸಬೇಡಿ, ಅಲ್ಲಿ ತಿರುಗಿಸಲು ಜಾಗವಿಲ್ಲ. ಈ ಭಾಗದ ಫಲಕಗಳಲ್ಲಿ ಊರಿನ ಹೆಸರುಗಳು ಐರಿಷ್‌ನಲ್ಲಷ್ಟೇ ಇರುತ್ತವೆ. ಮೊಬೈಲ್ ಸಿಗ್ನಲ್ ಆಗಾಗ ಕೈಕೊಡುವುದರಿಂದ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಡಿಂಗಲ್ ಊರಿನಿಂದ ಉತ್ತರಕ್ಕೆ ಬೆಟ್ಟ ದಾಟುವ ಕಾನರ್ ಪಾಸ್ ದಾರಿಯಲ್ಲಿ ಎರಡು ಟನ್ ಮೀರಿದ ವಾಹನಗಳಿಗೆ ನಿಷೇಧ. ಕ್ಯಾಂಪರ್‌ವ್ಯಾನ್ ಬಾಡಿಗೆ ಪಡೆದವರು ಎನ್ 86 ಹಿಡಿಯಬೇಕು. ಉತ್ತರದ ಇಳಿಜಾರಿನಲ್ಲಿ ರಸ್ತೆ ಒಂದೇ ವಾಹನದ ಅಗಲಕ್ಕೆ ಕುಗ್ಗುತ್ತದೆ. ಮಂಜು ಕವಿದ ದಿನ ಸಣ್ಣ ಕಾರಿನವರಿಗೂ ಎನ್ 86 ಒಳ್ಳೆಯದು. ಮಂಜಿನಲ್ಲಿ ಮೇಲೇರಿದರೂ ಕಾಣುವುದೇನೂ ಇಲ್ಲ.

ಬಾಡಿಗೆ ಕಾರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಎಡಬದಿಗೆ. ಎದುರಿನ ವಾಹನಕ್ಕೆ ಅಂಜಿ ಎಡಕ್ಕೆ ಸರಿದಾಗ ಫ್ಯೂಷಿಯಾ ಪೊದೆಗಳ ಒಳಗೆ ಅಡಗಿದ ಕಲ್ಲುಗೋಡೆ ಕನ್ನಡಿಯನ್ನು ಒಡೆಯುತ್ತದೆ, ಟೈರಿನ ಪಕ್ಕವನ್ನು ಸೀಳುತ್ತದೆ. ಮೂಲ ವಿಮೆಯಲ್ಲಿ ಟೈರು, ಗಾಜು, ಕಾರಿನ ತಳಭಾಗ ಸೇರಿರುವುದಿಲ್ಲ ಎಂಬುದು ಸಾಮಾನ್ಯ. ಸಹಿ ಹಾಕುವ ಮುನ್ನ ಕೇಳಿ ತಿಳಿದುಕೊಳ್ಳಿ, ನಾಲ್ಕೂ ಚಕ್ರಗಳ ಫೋಟೊ ತೆಗೆದಿಟ್ಟುಕೊಳ್ಳಿ. ಸಿಗುವುದರಲ್ಲಿ ಚಿಕ್ಕ ಕಾರನ್ನೇ ಆರಿಸಿ. ಆಟೊಮ್ಯಾಟಿಕ್ ಬೇಕಿದ್ದರೆ ಬೇಗ ಕಾಯ್ದಿರಿಸಿ, ಬಾಡಿಗೆಯೂ ಹೆಚ್ಚು. ಪೆಟ್ರೋಲ್ ಬಂಕಿನಲ್ಲಿ ಹಸಿರು ಹಿಡಿಕೆ ಪೆಟ್ರೋಲಿನದು, ಕಪ್ಪು ಹಿಡಿಕೆ ಡೀಸೆಲಿನದು. ಹಳ್ಳಿಯ ಸ್ಥಳೀಯ ರಸ್ತೆಗಳ ವೇಗಮಿತಿಯನ್ನು 2025ರ ಫೆಬ್ರುವರಿಯಲ್ಲಿ 80ರಿಂದ 60 ಕಿ.ಮೀ.ಗೆ ಇಳಿಸಲಾಗಿದೆ. ಹಳೆಯ ಬ್ಲಾಗುಗಳ ಅಂಕಿ ನಂಬಬೇಡಿ. ತಿರುವಿನಾಚೆ ಕುರಿಮಂದೆ ಇದ್ದರೆ 40 ಕೂಡ ಹೆಚ್ಚೇ.

ಬೆಟ್ಟದ ಮೇಲೆ ಪ್ರಾಚೀನ ಕ್ರೈಸ್ತ ಮಠವಿರುವ ಸ್ಕೆಲಿಗ್ ಮೈಕಲ್ ದ್ವೀಪದಲ್ಲಿ ಇಳಿಯುವ ಅವಕಾಶ ಸಾಮಾನ್ಯವಾಗಿ ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ, ಪರವಾನಗಿ ಪಡೆದ ದೋಣಿಗಳಲ್ಲಿ ಮಾತ್ರ. ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಮುಗಿಯುತ್ತದೆ. ಟಿಕೆಟ್ ಇದ್ದರೂ ಅಲೆ ಎದ್ದರೆ ಅಂದಿನ ಪ್ರಯಾಣ ರದ್ದು. ಮೇಲೆ ಹತ್ತಲು ಆರುನೂರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳಿವೆ, ಹಿಡಿದುಕೊಳ್ಳಲು ಕಂಬಿಗಳಿಲ್ಲ. ಮೊಣಕಾಲು ನೋವಿನವರು ದ್ವೀಪವನ್ನು ಸುತ್ತಿ ಬರುವ ದೋಣಿಯನ್ನೇ ಹಿಡಿಯಲಿ. ದೋಣಿ ರದ್ದಾದ ದಿನಕ್ಕೆ ಪೋರ್ಟ್‌ಮಗೀಯಿಂದ ಬಾಲಿನ್‌ಸ್ಕೆಲಿಗ್ಸ್‌ವರೆಗಿನ ಸ್ಕೆಲಿಗ್ ರಿಂಗ್ ದಾರಿ ಇದ್ದೇ ಇದೆ. ದೊಡ್ಡ ಬಸ್ಸುಗಳು ಅಲ್ಲಿಗೆ ಬರಲಾರವು. ನನ್ನ ಮಟ್ಟಿಗೆ ಇಡೀ ಸುತ್ತಿನಲ್ಲಿ ಇದಕ್ಕಿಂತ ಚೆಂದದ ತುಂಡು ಬೇರೊಂದಿಲ್ಲ.

ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು, ಹಲವು ಅಂಗಡಿ, ದೋಣಿಗಳೂ ಬಂದ್. ಇನ್ನೊಂದು ಮಾತು: ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ವಲಯದಲ್ಲಿ ಐರ್ಲೆಂಡ್ ಇಲ್ಲ. ಪ್ಯಾರಿಸ್, ರೋಮ್ ನೋಡಿ ಹಾಗೆಯೇ ಅಲ್ಲಿಗೂ ಹೋಗಿಬರುತ್ತೇವೆ ಎನ್ನುವವರು ಆ ವೀಸಾ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ತಿಳಿದಿರಲಿ.

– ಓದುಗರೊಬ್ಬರು, ಕಿಲ್ಲಾರ್ನಿ, ಐರ್ಲೆಂಡ್