ಏಳನೇ ತರಗತಿ ಸಂತೆಗೆ ಹೋಗಿದ್ದರ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಹೋದ ಮಂಗಳವಾರದಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಓಡಾಡುತ್ತಿದೆ. ಏಳನೇ ತರಗತಿಯ ಹುಡುಗನೊಬ್ಬ ಎರಡು ಸೋರೆಕಾಯಿ ಅಪ್ಪಿಕೊಂಡು ಸಂತೆಯಲ್ಲಿ ನಿಂತಿದ್ದಾನೆ. ಕೆಳಗೆ ಯಾರೋ "ಇದಕ್ಕಾ ನಾವು ಮಕ್ಕಳನ್ನ ಶಾಲೆಗೆ ಕಳಿಸೋದು" ಅಂತ ಬರೆದಿದ್ದಾರೆ. ಅದಕ್ಕೆ ಹೆಬ್ಬೆರಳು ಒತ್ತಿದವರೂ ಸಾಕಷ್ಟು ಮಂದಿ ಇದ್ದಾರೆ. ಕೆಲವರು ಶಾಲೆಗೇ ಬಂದು ಕೇಳಿದರು, ಒಬ್ಬರು ಮೇಲಿನ ಕಚೇರಿಗೆ ಫೋನ್ ಮಾಡಿದರು. ಮಾಡಲಿ, ಅದು ನಿಮ್ಮ ಹಕ್ಕು. ಗುಂಪಿನಲ್ಲಿ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾ ಕೂತರೆ ಜಗಳ ಜಾಸ್ತಿ ಆಗುತ್ತೆ ಅಂತ ಎಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಬಿಸಿಯೂಟದ ತರಕಾರಿ ತರೋಕೆ ಸಂತೆಗೆ ಹೋದ ಏಳನೇ ತರಗತಿ ಮಕ್ಕಳ ಜೊತೆ ಗಣಿತದ ಟೀಚರ್, ದೈಹಿಕ ಶಿಕ್ಷಕರು, ನಮ್ಮ ಅಡುಗೆಯ ಅಕ್ಕಂದಿರು ಇದ್ದರು. ರಸ್ತೆ ದಾಟುವಾಗ ಸಾಲಲ್ಲಿ ದಾಟಿಸಿದ್ದಾರೆ. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಎಲ್ಲರೂ ವಾಪಸ್ಸಾಗಿದ್ದರು. ಮೂಟೆ ಆಟೋದಲ್ಲಿ ಬಂತು, ಯಾವ ಮಗುವೂ ಹೊತ್ತು ತಂದಿಲ್ಲ. ಫೋಟೋದಲ್ಲಿರುವ ಹುಡುಗ ಆ ಸೋರೆಕಾಯಿಯನ್ನು ತಕ್ಕಡಿ ಹತ್ತಿರ ಒಯ್ಯುತ್ತಿದ್ದ, ಅಷ್ಟೇ. ಯಾಕೆ ಒಯ್ಯುತ್ತಿದ್ದ ಅನ್ನೋದೇ ಈ ಪತ್ರದ ವಿಷಯ.

ಬಿಸಿಯೂಟಕ್ಕೆ ದಿನಾ ತರಕಾರಿ ಬೇಕು. ಸರ್ಕಾರದ ನಿಯಮದ ಪ್ರಕಾರ ಒಂದರಿಂದ ಐದನೇ ತರಗತಿವರೆಗಿನ ಒಂದು ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಮೇಲಿನವರಿಗೆ 75 ಗ್ರಾಂ. ಮಾಮೂಲಿಯಾಗಿ ಅಕ್ಕಂದಿರು ಅಂದಾಜಿನ ಮೇಲೆ ತರುತ್ತಾರೆ. ಈ ಸಲ ಲೆಕ್ಕ ಹಾಕುವ ಕೆಲಸ ಏಳನೇ ತರಗತಿಗೆ ಕೊಟ್ಟೆವು. ಬೆಳಿಗ್ಗೆ ಎಲ್ಲಾ ಕೊಠಡಿಗೂ ಹೋಗಿ ಹಾಜರಿ ಬರೆದುಕೊಂಡು ಬಂದರು. ಚಿಕ್ಕವರು 96, ದೊಡ್ಡವರು 42. ಗುಣಿಸಿ ಕೂಡಿದರೆ 7,950 ಗ್ರಾಂ, ಅಂದರೆ ಹತ್ತಿರ ಹತ್ತಿರ 8 ಕೆಜಿ. ಇಲ್ಲಿವರೆಗೆ ಪುಸ್ತಕದ ಲೆಕ್ಕವೇ, ಯಾರಿಗೂ ಕಷ್ಟ ಆಗಲಿಲ್ಲ.

ಸಂತೆಗೆ ಹೋದ ಮೇಲೆ ತಮಾಷೆ ಶುರುವಾಯಿತು. ಕ್ಯಾರೆಟ್ ಒಂದು ಕೆಜಿಗೆ 30, ಎರಡು ಕೆಜಿ ತಗೊಂಡರೆ 50. ಸೋರೆಕಾಯಿ ತೂಕಕ್ಕೇ ಇಲ್ಲ, ಒಂದಕ್ಕೆ 20 ರೂಪಾಯಿ. ಹಾಗಾದರೆ ಯಾವುದು ಅಗ್ಗ? ಪಕ್ಕದ ಈರುಳ್ಳಿ ಅಂಗಡಿಯವರನ್ನು ಕೇಳಿಕೊಂಡು ಅವರ ತಕ್ಕಡಿಯಲ್ಲಿ ಸೋರೆಕಾಯಿ ಇಟ್ಟರು (ಆ ಫೋಟೋ ಆಗಲೇ ತೆಗೆದದ್ದು). ಒಂದರ ತೂಕ 1 ಕೆಜಿ 200 ಗ್ರಾಂ ಬಂತು. 20ನ್ನು 1.2ರಿಂದ ಭಾಗಿಸಿ ಅಂದರು ಟೀಚರ್. 16.66 ಬಂದು ಮುಂದೆ ಹೋಗುತ್ತಲೇ ಇದೆ. "ಮಿಸ್, ಇದು ಮುಗೀತಾನೇ ಇಲ್ಲ" ಅಂತ ಒಬ್ಬಳು ಕೂಗಿಕೊಂಡಳಂತೆ. ಮುಗಿಯದ ದಶಮಾಂಶ ಅಂತ ಒಂದಿದೆ ಅನ್ನೋದು ಅವಳಿಗೆ ಇನ್ನು ಮರೆಯಲ್ಲ.

ಶಾಲೆಗೆ ಬಂದು ಹೆಚ್ಚುವಾಗ ಇನ್ನೊಂದು ಸಮಸ್ಯೆ. ತಂದದ್ದು 8 ಕೆಜಿ, ಆದರೆ ಸಿಪ್ಪೆ, ತೊಟ್ಟು, ತಿರುಳು ಎಲ್ಲಾ ತೂಗಿದರೆ ಅದೇ ಒಂದೂಕಾಲು ಕೆಜಿ ಆಯಿತು. ಹಾಗಾದರೆ ಮಗುವಿನ ತಟ್ಟೆಗೆ ಬಿದ್ದದ್ದು ಎಷ್ಟು ಗ್ರಾಂ? ಮುಂದಿನ ವಾರ ಎಷ್ಟು ಜಾಸ್ತಿ ತರಬೇಕು? ಶೇಕಡ ಎಷ್ಟು ಸಿಪ್ಪೆಗೆ ಹೋಯಿತು? ಈ ಪ್ರಶ್ನೆ ಯಾವ ಟೀಚರೂ ಕೇಳಿದ್ದಲ್ಲ. ಮಕ್ಕಳೇ ಕೇಳಿಕೊಂಡರು, ಯಾಕೆಂದರೆ ಪುಸ್ತಕದ ಲೆಕ್ಕದಲ್ಲಿ ಸಿಪ್ಪೆ ಇರಲ್ಲ.

ಈಗ ನಿಮ್ಮ ಮುಖ್ಯ ತಕರಾರಿಗೆ ಬರುತ್ತೇನೆ. ನೋಟ್ಸ್ ಎಲ್ಲಿ? ನೋಟ್‌ಬುಕ್ ಯಾಕೆ ತೆಳ್ಳಗಿದೆ? ಪಕ್ಕದ ಶಾಲೆಯಲ್ಲಿ ಆಗಲೇ ಮೂರನೇ ನೋಟ್‌ಬುಕ್ ನಡೀತಿದೆಯಂತೆ, ನಮ್ಮ ಮಕ್ಕಳು ಇನ್ನೂ ಮೊದಲನೆಯದರ ಅರ್ಧದಲ್ಲಿದ್ದಾರೆ ಅಂತ ಬಹಳ ಜನ ಹೇಳಿದಿರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತೆ. ಮನೆಯಲ್ಲಿ ಕೂತ ನಿಮಗೆ ಶಾಲೆಯಲ್ಲಿ ಏನು ನಡೀತಿದೆ ಅಂತ ಕಾಣೋದು ಆ ನೋಟ್‌ಬುಕ್ಕಿನಲ್ಲಿ ಮಾತ್ರ. ಅದು ಖಾಲಿ ಇದ್ದರೆ ಭಯ ಆಗೋದು ಸಹಜ.

ಆದರೂ ಒಂದು ಮಾತು ನೇರವಾಗಿ ಹೇಳುತ್ತೇನೆ. ಬೋರ್ಡ್ ಮೇಲಿನ ಲೆಕ್ಕ ನೋಡಿ ಬರೆದುಕೊಂಡ ನೂರು ಪುಟ ಕಲಿಕೆ ಅಲ್ಲ. 'ಶೇಕಡ' ಅಂತ ತಲೆಬರಹ ಇರುವ ಪಾಠದ ಕೆಳಗೆ ಹತ್ತು ಲೆಕ್ಕ ಕೊಟ್ಟರೆ ಮಗು ಹತ್ತನ್ನೂ ಮಾಡುತ್ತೆ, ಯಾಕೆಂದರೆ ಏನು ಮಾಡಬೇಕು ಅಂತ ತಲೆಬರಹವೇ ಹೇಳಿಬಿಟ್ಟಿದೆ. ಅದೇ ಲೆಕ್ಕವನ್ನು ತಲೆಬರಹ ಇಲ್ಲದೆ ಕೊಟ್ಟು ನೋಡಿ. "ಕೂಡಬೇಕಾ, ಗುಣಿಸಬೇಕಾ ಮಿಸ್?" ಅಂತಾರೆ. ಸಂತೆಯಲ್ಲಿ ಯಾರೂ ತಲೆಬರಹ ಹಾಕಿಟ್ಟಿರಲ್ಲ. ಯಾವ ಲೆಕ್ಕ ಹಾಕಬೇಕು ಅಂತ ಮಗುವೇ ತೀರ್ಮಾನ ಮಾಡಬೇಕು. ಅದನ್ನು ಕಲಿಸೋಕೆ ನನಗೆ ಬೇರೆ ದಾರಿ ಗೊತ್ತಿಲ್ಲ.

ಪರೀಕ್ಷೆಗೂ ಇದು ಬೇಕು. ಎಫ್‌ಎ (ವರ್ಷದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಅಂಕಗಳಲ್ಲಿ ಚಟುವಟಿಕೆಗೂ ಪಾಲಿದೆ ಅನ್ನೋದು ನಿಮಗೆ ಗೊತ್ತಿರಬಹುದು. ಮುಂದೆ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲೂ ನೆನಪಿಟ್ಟು ಬರೆಯುವ ಪ್ರಶ್ನೆಗಳಷ್ಟೇ ಇರಲ್ಲ, ಅನ್ವಯದ ಪ್ರಶ್ನೆಗಳೂ ಇರುತ್ತವೆ. ನಮ್ಮ ಮಕ್ಕಳು ಸಾಮಾನ್ಯವಾಗಿ ಅಂಕ ಕಳೆದುಕೊಳ್ಳೋದು ಅಲ್ಲೇ. ಇದು ನಾನು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿ ಎಷ್ಟೋ ವರ್ಷ ಆಯಿತು. ಅದಕ್ಕೂ ಮುಂಚೆ, 1995ರಲ್ಲೇ, ನಮ್ಮ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ (ಚಟುವಟಿಕೆ ಮಾಡಿಸುತ್ತಾ ಕಲಿಸುವ ಪದ್ಧತಿ) ಶುರುವಾಗಿತ್ತು. ಆಗಲೂ "ಮಕ್ಕಳು ಸುಮ್ನೆ ಆಡ್ತಾರೆ" ಅನ್ನೋ ಮಾತು ಇದ್ದೇ ಇತ್ತು.

ಹಾಗಂತ ಪಾಠ ನಿಂತಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಪಾಠ ನಿಂತಿಲ್ಲ. ಮಗ್ಗಿ ಬಾಯಿಪಾಠ ಇದೆ, ಕಾಪಿ ಬರಹ ಇದೆ, ಕಿರುಪರೀಕ್ಷೆ ಇದೆ. ಸಂತೆಯಿಂದ ಬಂದ ಮರುದಿನ ದಶಮಾಂಶದ ಅಭ್ಯಾಸದ ಲೆಕ್ಕಗಳನ್ನು ಮಾಡಿಸಿದ್ದಾರೆ, ಅವು ನೋಟ್‌ಬುಕ್ಕಿನಲ್ಲೇ ಇವೆ. ನಿಮಗೆ ಸಮಾಧಾನ ಆಗಲಿ ಅಂತ ಇನ್ನು ಮುಂದೆ ಇಂಥ ಪ್ರತಿ ಕೆಲಸದ ನಂತರವೂ ಮಗು ಏನು ಲೆಕ್ಕ ಹಾಕಿತು ಅಂತ ಒಂದು ಪುಟ ಬರೆಸುತ್ತೇವೆ. ಅದನ್ನು ನೋಡಿ ಸಹಿ ಹಾಕಿ ಕಳಿಸಬಹುದು. ಸಂತೆ ಮಾತ್ರ ನಿಲ್ಲಿಸಲ್ಲ.

ಒಬ್ಬ ತಾಯಿ ಹೇಳಿದ ಮಾತು ನನ್ನನ್ನು ಜಾಸ್ತಿ ಕಾಡಿದೆ. ಅವರು ಅದೇ ಸಂತೆಯಲ್ಲಿ ಸೊಪ್ಪು ಮಾರುವವರು. "ನಾನು ಬಿಸಿಲಲ್ಲಿ ಕೂತಿದ್ದೀನಲ್ಲ ಮೇಡಂ, ನನ್ನ ಮಗಳು ಇಲ್ಲಿ ಕೂರಬಾರದು ಅಂತಾನೇ ನಿಮ್ಮ ಹತ್ರ ಕಳಿಸಿದ್ದು" ಅಂದರು. ಅಮ್ಮಾ, ನಿಮ್ಮ ಮಗಳನ್ನು ಅಲ್ಲಿ ಕೂರಿಸೋಕೆ ನಾವು ಕರೆದುಕೊಂಡು ಹೋಗಲಿಲ್ಲ. ನಿಮ್ಮ ಆಸೆಯೇ ನಮ್ಮ ಆಸೆ. ಆದರೆ ಒಂದು ಕಟ್ಟು ಸೊಪ್ಪಿಗೆ ಇಷ್ಟು ಅಂತ ನೀವು ಬಾಯಲ್ಲೇ ಹಾಕುವ ಲೆಕ್ಕ ಇದೆಯಲ್ಲ, ಎಷ್ಟು ಮಾರಿದರೆ ಬಂಡವಾಳ ವಾಪಸ್, ಸಂಜೆ ಬಾಡುವ ಮುಂಚೆ ಎಷ್ಟಕ್ಕೆ ಬಿಟ್ಟುಕೊಡಬೇಕು ಅನ್ನೋದು, ಅದು ಏಳನೇ ತರಗತಿಯ ಲಾಭ-ನಷ್ಟದ ಪಾಠಕ್ಕಿಂತ ಕಷ್ಟದ ಲೆಕ್ಕ. ಅದನ್ನು ಒಂದು ದಿನ ತರಗತಿಗೆ ಬಂದು ಹೇಳಿಕೊಡಿ ಅಂತ ಅವರನ್ನು ಕೇಳಿದ್ದೇನೆ. "ನೋಡೋಣ" ಅಂದಿದ್ದಾರೆ.

ಕನ್ನಡ ಪಾಠದಲ್ಲೂ ಇಂಥದೇ ಒಂದು ನಡೆಯಿತು, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ರಜೆ ಅರ್ಜಿ ಬರೆಸುವ ಬದಲು ಶಾಲೆ ಮುಂದಿನ ಕೆಟ್ಟ ಬೀದಿದೀಪದ ಬಗ್ಗೆ ಪಂಚಾಯಿತಿಗೆ ನಿಜವಾದ ಅರ್ಜಿ ಬರೆಸಿದೆವು. ಸೀಲು ಹಾಕಿದ ಸ್ವೀಕೃತಿ ಬಂದಿದೆ. ದೀಪ ಇನ್ನೂ ಬಂದಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಕೇಳುತ್ತೇವೆ ಅಂತ ಮಕ್ಕಳು ಕಾಯುತ್ತಿದ್ದಾರೆ.

ಇನ್ನು ಕರೆಂಟ್ ಬಿಲ್ಲು. ಮುಂದಿನ ಕೆಲಸಕ್ಕೆ ಮನೆಯ ಒಂದು ಬಿಲ್ಲು ತನ್ನಿ ಅಂದಿದ್ದಕ್ಕೆ "ನಮ್ಮ ಮನೆ ವ್ಯವಹಾರ ಶಾಲೆಗೆ ಯಾಕೆ" ಅಂತ ಕೆಲವರು ಕೇಳಿದಿರಿ. ನ್ಯಾಯವಾದ ಪ್ರಶ್ನೆ. ನಮಗೆ ಬೇಕಿರೋದು ಯೂನಿಟ್ ಮಾತ್ರ. ಗೃಹಜ್ಯೋತಿಯಲ್ಲಿ (ಮನೆಗಳಿಗೆ ಉಚಿತ ಕರೆಂಟ್ ಕೊಡುವ ಸರ್ಕಾರದ ಯೋಜನೆ) ಸರಾಸರಿ ಬಳಕೆ 48 ಯೂನಿಟ್‌ಗಿಂತ ಜಾಸ್ತಿ ಇರುವ ಮನೆಗೆ 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ ಉಚಿತ ಯೂನಿಟ್ ಕೊಡುತ್ತಾರೆ, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸರಾಸರಿ, ಶೇಕಡ, ಕಳೆಯುವ ಲೆಕ್ಕ ಎಲ್ಲಾ ಒಂದೇ ಚೀಟಿಯಲ್ಲಿದೆ. ಶಾಲೆಯ ಬೋರ್ಡ್ ಮೇಲೆ ಒಂದು ಉದಾಹರಣೆ ಮಾಡಿದಾಗ, ಸರಾಸರಿ 62 ಇದ್ದರೆ 68.2 ಬಂತು. ಆ .2 ಏನು ಮಾಡೋದು, ಬಿಡೋದಾ, ಒಂದು ಯೂನಿಟ್ ಅಂತ ಹಿಡಿಯೋದಾ? ಅರ್ಧ ಗಂಟೆ ವಾದ ಮಾಡಿದ್ದಾರೆ. ಅವತ್ತಿನಿಂದ ಮಗಳು ಮನೆಯಲ್ಲಿ ಫ್ಯಾನ್ ಹಾಕೋಕೇ ಬಿಡ್ತಿಲ್ಲ ಅಂತ ಒಬ್ಬ ತಂದೆ ದೂರಿದ್ದಾರೆ. ಅದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ!

ಬಿಲ್ಲಿನ ಮೇಲಿನ ಹೆಸರು ಮತ್ತು ಆರ್‌ಆರ್ ನಂಬರ್ (ನಿಮ್ಮ ಕರೆಂಟ್ ಸಂಪರ್ಕದ ಸಂಖ್ಯೆ) ಮೇಲೆ ಕಾಗದ ಅಂಟಿಸಿ ಕಳಿಸಿ. ಯಾರ ಮನೆ ಬಿಲ್ಲು ಎಷ್ಟು ಅಂತ ತರಗತಿಯಲ್ಲಿ ಓದಲ್ಲ, ಹೋಲಿಸಲ್ಲ. ಕೊಡಲು ಇಷ್ಟ ಇಲ್ಲದವರು, ಬಾಡಿಗೆ ಮನೆಯಲ್ಲಿದ್ದು ಬಿಲ್ಲು ಕೈಗೆ ಸಿಗದವರು ಕೊಡಬೇಕಿಲ್ಲ, ಆ ಮಕ್ಕಳಿಗೆ ಬೋರ್ಡ್ ಮೇಲಿನ ಉದಾಹರಣೆಯದೇ ಲೆಕ್ಕ ಕೊಡುತ್ತೇವೆ. ಅಂಕಕ್ಕೆ ಏನೂ ತೊಂದರೆ ಇಲ್ಲ.

ನನ್ನ ವಿನಂತಿ ಒಂದೇ: ಮನೆಗೆ ಕೊಟ್ಟ ಲೆಕ್ಕವನ್ನು ಮಗುವಿನ ಬದಲು ನೀವು ಮಾಡಿಕೊಡಬೇಡಿ, ತಪ್ಪಿದ್ದರೂ ಹಾಗೇ ಕಳಿಸಿ.

ಮುಂದಿನ ಮಂಗಳವಾರ ಆರನೇ ತರಗತಿಯವರು ಸಂತೆಗೆ ಹೋಗುತ್ತಾರೆ. ಒಪ್ಪಿಗೆ ಚೀಟಿ ಈ ಪತ್ರದ ಜೊತೆಗೇ ಇದೆ, ಶನಿವಾರದೊಳಗೆ ಸಹಿ ಮಾಡಿ ಕಳಿಸಿ. ಬೇಡ ಅನ್ನುವವರು 'ಬೇಡ' ಅಂತಲೇ ಬರೆದು ಕಳಿಸಿ, ಆ ಮಗುವನ್ನು ಶಾಲೆಯಲ್ಲೇ ಸಿಪ್ಪೆ ತೂಗುವ ಗುಂಪಿಗೆ ಹಾಕುತ್ತೇವೆ. ಜೊತೆಗೆ ಬರಲು ಪುರುಸೊತ್ತಿರುವ ಪೋಷಕರು ಇಬ್ಬರು ಸಿಕ್ಕರೆ ನಮಗೂ ಅನುಕೂಲ. ಬಿಸಿಲು ಜಾಸ್ತಿ, ಟೋಪಿ ಮತ್ತು ನೀರಿನ ಬಾಟಲಿ ಮರೆಯದೆ ಕೊಟ್ಟು ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ