ಹುರಿಯದ ಕಾಫಿ ಬೀಜದ ಪೊಟ್ಟಣಕ್ಕೊಂದು ಚೀಟಿ ಬೇಕು

ಮಾನ್ಯ ಸಂಪಾದಕರೇ,

ಹಾಸನದ ನಮ್ಮ ಬೀದಿಯಲ್ಲೇ ಈಗ ಮೂರ್ನಾಲ್ಕು ಮನೆಯವರು ಕಾಫಿ ಬೀಜ ತಂದು ತಾವೇ ಹುರಿದುಕೊಳ್ಳುತ್ತಾರೆ. ಎಲ್ಲರದೂ ಒಂದೇ ಗೊಣಗಾಟ: ಹೋದ ಸಲದ ರುಚಿ ಈ ಸಲ ಇಲ್ಲ. ಕೈಗುಣ ಸರಿಯಿಲ್ಲ ಎಂದು ನಗುತ್ತಾರೆ. ಕೈಯನ್ನು ದೂರುವ ಮೊದಲು ಪೊಟ್ಟಣವನ್ನು ನೋಡಿ ಎನ್ನುವವಳು ನಾನು.

ಸಕಲೇಶಪುರದಲ್ಲಿದ್ದಾಗ ನಮ್ಮತ್ತೆ ಕಣ್ಣಳತೆಯಲ್ಲೇ ಹುರಿಯುತ್ತಿದ್ದರು. ಗಡಿಯಾರ ಇಲ್ಲ, ತಕ್ಕಡಿ ಇಲ್ಲ, ರುಚಿ ಮಾತ್ರ ವರ್ಷವಿಡೀ ಒಂದೇ. ಆದರೆ ಅವರ ಬೀಜ ಒಂದೇ ತೋಟದ್ದು, ಒಂದೇ ಕಣದಲ್ಲಿ ಒಣಗಿದ್ದು. ಅಂಗಡಿಯಿಂದ ತರುವ ನಮಗೆ ಒಮ್ಮೆ ಅರೇಬಿಕಾ ಪಾರ್ಚ್‌ಮೆಂಟ್ ಸಿಕ್ಕರೆ, ಇನ್ನೊಮ್ಮೆ ಅದಕ್ಕೆ ರೊಬಸ್ಟಾ ಚೆರ್ರಿ ಬೆರೆತಿರುತ್ತದೆ (ಅರೇಬಿಕಾ, ರೊಬಸ್ಟಾ ಕಾಫಿಯ ಎರಡು ಜಾತಿ; ಪಾರ್ಚ್‌ಮೆಂಟ್, ಚೆರ್ರಿ ಬೀಜ ಒಣಗಿಸುವ ಎರಡು ಬಗೆ). ಪೊಟ್ಟಣದ ಮೇಲೆ ‘ಕಾಫಿ ಬೀಜ’ ಎಂದಷ್ಟೇ ಇರುತ್ತದೆ. ಹಣ್ಣಿನ ಸಮೇತ ಒಣಗಿಸಿದ ಚೆರ್ರಿಯೂ ಹಣ್ಣಿನ ತಿರುಳು ಬಿಡಿಸಿ ತೊಳೆದ ಪಾರ್ಚ್‌ಮೆಂಟೂ ಬಾಣಲೆಯಲ್ಲಿ ಒಂದೇ ತರ ಬೇಯುವುದಿಲ್ಲ. ಗಾತ್ರ ಬೆರೆತರಂತೂ ಚಿಕ್ಕದು ಸೀಯುವ ಹೊತ್ತಿಗೆ ದೊಡ್ಡದು ಒಳಗೆ ಹಸಿ. ಕಳೆದ ವರ್ಷದ ಬೀಜ, ಮಳೆಗಾಲದಲ್ಲಿ ತೇವ ಹೀರಿದ ಬೀಜ, ಇವುಗಳ ಲೆಕ್ಕವೇ ಬೇರೆ. ಮಂಗಳೂರಿನ ಮುಂಗಾರು ಗಾಳಿಗೆ ಉಬ್ಬಿಸಿದ ಮಾನ್ಸೂನ್ಡ್ ಮಲಬಾರ್ ಮೊದಲೇ ಬಿಳಿಚಿಕೊಂಡಿರುತ್ತದೆ. ಬಣ್ಣ ನಂಬಿ ಅದನ್ನು ಹುರಿಯಲು ಕೂತರೆ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದು.

ಆದ್ದರಿಂದ ನಾನು ತಕ್ಕಡಿಯನ್ನು ನಂಬುತ್ತೇನೆ. ಪ್ರತಿ ಸಲ 250 ಗ್ರಾಂ, ಅದೇ ಕಬ್ಬಿಣದ ಬಾಣಲೆ. ಚಟಪಟ ಸದ್ದು ಶುರುವಾದ ಕ್ಷಣದಿಂದ ಗಡಿಯಾರ ನೋಡಿ, ಎರಡು ನಿಮಿಷದೊಳಗೆ ಇಳಿಸಿ, ಮೊರದಲ್ಲಿ ಹರಡಿ ಫ್ಯಾನಿನ ಕೆಳಗೆ ಇಡುತ್ತೇನೆ. (ಸಿಪ್ಪೆ ಮನೆಯೆಲ್ಲ ಹಾರುತ್ತದೆ, ಅದಕ್ಕೆ ಮದ್ದಿಲ್ಲ.) ತಣಿಸದೆ ಬಿಟ್ಟರೆ ಒಲೆ ಆರಿಸಿದ ಮೇಲೂ ಬೀಜ ತನ್ನ ಕಾವಿಗೇ ಕಪ್ಪಾಗುತ್ತದೆ. ತಣಿದ ಮೇಲೆ ಮತ್ತೆ ತೂಗಿದರೆ 210 ಗ್ರಾಂ ಆಸುಪಾಸು ಇರಬೇಕು. 200ಕ್ಕೆ ಇಳಿದಿದ್ದರೆ ಹುರಿದದ್ದು ಜಾಸ್ತಿಯಾಯಿತೆಂದೇ ಅರ್ಥ. ಎರಡನೇ ಸರದಿಗೆ ಬಾಣಲೆ ಕಾದೇ ಇರುತ್ತದೆ, ಉರಿ ತಗ್ಗಿಸಬೇಕು. ಸಿಲಿಂಡರ್ ಮುಗಿಯುವ ದಿನ ಹುರಿಯಲು ಹೋಗಲೇಬಾರದು.

ಇಷ್ಟೆಲ್ಲ ಮಾಡಿದರೂ ಬೀಜವೇ ಬದಲಾದರೆ ಲೆಕ್ಕ ಮತ್ತೆ ಮೊದಲಿನಿಂದ. ಬೀಜದ ಸಿಪ್ಪೆ ಬಿಡಿಸಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಜರಡಿ ಹಿಡಿದು ಎ, ಎಬಿ, ಪಿಬಿ (ಒಂಟಿ ದುಂಡು ಬೀಜ) ಎಂಬ ಗ್ರೇಡುಗಳಾಗಿ ವಿಂಗಡಿಸಿಯೇ ಚೀಲಕ್ಕೆ ತುಂಬುತ್ತಾರೆ. ಆ ವಿವರ ಚಿಲ್ಲರೆ ಅಂಗಡಿಯಲ್ಲಿ ಚೀಲ ಬಿಚ್ಚುತ್ತಲೇ ಮಾಯವಾಗುತ್ತದೆ. ಅರೇಬಿಕಾವೋ ರೊಬಸ್ಟಾವೋ, ಪಾರ್ಚ್‌ಮೆಂಟೋ ಚೆರ್ರಿಯೋ, ಯಾವ ಗ್ರೇಡು, ಯಾವ ವರ್ಷದ ಕೊಯ್ಲು, ಈ ನಾಲ್ಕು ಮಾತು ಪೊಟ್ಟಣದ ಮೇಲೆ ಇರುವಂತೆ ಕಾಫಿ ಮಂಡಳಿ ನೋಡಿಕೊಳ್ಳಲಿ. ಮಂಡಳಿ ಬೆಂಗಳೂರಿನಲ್ಲಿ ನಡೆಸುವ ‘ಕಾಪಿ ಶಾಸ್ತ್ರ’ ಎಂಬ ಕಾಫಿ ಹುರಿಯುವ, ತಯಾರಿಸುವ ತರಬೇತಿಯ ಮಾದರಿಯಲ್ಲಿ, ಬಾಣಲೆಯಲ್ಲೇ ಹುರಿಯುವ ಮನೆಯವರಿಗಾಗಿ ಹಾಸನ, ಚಿಕ್ಕಮಗಳೂರು, ಮಡಿಕೇರಿಗಳಲ್ಲೂ ಅರ್ಧ ದಿನದ ಪಾಠ ಇಟ್ಟರೆ ಒಳ್ಳೆಯದು. ಅಂಗಡಿಯವರು ಅಚ್ಚು ಹಾಕಿಸುವ ಖರ್ಚು ಮಾಡಬೇಕಾಗಿಲ್ಲ. ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟರೂ ಸಾಕು.

— ಒಬ್ಬ ಗೃಹಿಣಿ, ಹಾಸನ